ಶನಿವಾರದ ಕಂತು: ತೋಟದ ರೈಟರನ್ನು ಕೊಂದವರು ಯಾರು? (ನೋಡದವರು ಮೊದಲು ನೋಡಿ ಬನ್ನಿ)

ಕಾಫಿಕಣ, ಸಕಲೇಶಪುರ

ನಿನ್ನೆ ರಾತ್ರಿ ನಮ್ಮ ಕಾಫಿ ತೋಟದ ಪೊಲೀಸ್ ಧಾರಾವಾಹಿಯ ಕಂತು ಮುಗಿದಾಗಿನಿಂದ ಒಂದೇ ಮಾತು ತಲೇಲಿ ಕೊರೀತಾ ಇದೆ. ತೋಟದ ಲೆಕ್ಕ ಬರೆಯೋ ರೈಟರು ಗುಂಡೇಟಿಗೆ ಸತ್ತು ಕೆರೆ ಏರಿ ಮೇಲೆ ಸಿಕ್ಕಿದ್ದಾನೆ. ತೋಟದಲ್ಲಿ ಕೂಲಿ ಮಾಡೋ ಅಸ್ಸಾಂ ಹುಡುಗನ ಬಾಯಲ್ಲಿ ‘ನಾನೇ ಹೊಡೆದೆ’ ಅಂತ ಹೇಳಿಸಿ, ಕೇಸು ಮುಗೀತು ಅನ್ನೋ ಹಾಗೆ ನಿಲ್ಲಿಸಿಬಿಟ್ಟರು. ಮುಗಿದಿಲ್ಲ. ಲೈನ್ ಮನೆ (ಕೂಲಿಯವರ ಸಾಲು ಮನೆ) ಹೆಂಗಸು ಒಂದು ಮಾತು ಹೇಳಿದಳಲ್ಲ, ‘ಪಲ್ಪರ್ ನಿಂತ್ಮೇಲೆ ಈಡಿನ ಸದ್ದು ಬಂತು, ಆಗಿನ್ನೂ ಊಟಕ್ಕೆ ಕೂತಿದ್ವಿ’ ಅಂತ, ಅದನ್ನು ಅಲ್ಲಿದ್ದ ಒಬ್ಬರೂ ಬರೆದುಕೊಳ್ಳಲಿಲ್ಲ. ಇಡೀ ಕಂತಿನ ಬೀಗದ ಕೈ ಅದೇ ಅಂತ ನನ್ನ ನಂಬಿಕೆ.

ತೋಟದ ಪರಿಚಯ ಇಲ್ಲದವರಿಗೆ ಹೇಳ್ತೀನಿ. ಪಲ್ಪರ್ ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಯಂತ್ರ. ಕೊಯ್ದ ಅರೇಬಿಕಾ ಹಣ್ಣನ್ನು ಅವತ್ತೇ ಪಲ್ಪರ್‌ಗೆ ಹಾಕಬೇಕು. ರಾಶಿ ಹಾಕಿ ಮರುದಿನಕ್ಕೆ ಬಿಟ್ಟರೆ ಹಣ್ಣು ಬಿಸಿಯಾಗಿ ಹುಳಿ ಹತ್ತುತ್ತೆ, ಕಾಫಿಯ ರುಚಿ ಕೆಡುತ್ತೆ. ಹಾಗಾಗಿ ಸಂಜೆ ಹಣ್ಣು ತೂಗಿ, ರೈಟರು ಪುಸ್ತಕಕ್ಕೆ ಬರೆದುಕೊಂಡ ಮೇಲೆ ಪಲ್ಪರ್ ಶುರು. ಕೊಯ್ಲಿನ ಕಾಲದಲ್ಲಿ ಅದು ಎಷ್ಟು ಹೊತ್ತು ಓಡುತ್ತೆ ಅನ್ನೋದು ಅವತ್ತು ಬಂದ ಹಣ್ಣಿನ ಮೇಲೆ. ಅದರ ಸದ್ದು ಲೈನ್ ಮನೆಗಳವರೆಗೂ ಕೇಳುತ್ತೆ. ನಿಂತಾಗ ಎಲ್ಲರಿಗೂ ಗೊತ್ತಾಗುತ್ತೆ, ಗಡಿಯಾರ ನೋಡಬೇಕಾಗಿಲ್ಲ.

ತೋಟದ ಮಾಲೀಕರು ಅಣ್ಣ ತಮ್ಮ ಇಬ್ಬರು, ಅವರಲ್ಲಿ ಅಣ್ಣ, ಅಂದರೆ ದೊಡ್ಡ ಸಾಹುಕಾರರು ಪೊಲೀಸರ ಮುಂದೆ ಏನಂದ್ರು? ‘ರಾತ್ರಿ ಹನ್ನೆರಡರವರೆಗೆ ಪಲ್ಪರ್ ಓಡ್ತಿತ್ತು, ನಾನು ಅಲ್ಲೇ ನಿಂತಿದ್ದೆ, ಸದ್ದಿನಲ್ಲಿ ಏನೂ ಕೇಳಲಿಲ್ಲ.’ ಲೈನ್‌ನಲ್ಲಿ ಹನ್ನೆರಡು ಗಂಟೆಗೆ ಊಟಕ್ಕೆ ಕೂರೋರು ಯಾರು? ಬೆಳಿಗ್ಗೆ ಹಾಜರಿಗೆ ಬರಬೇಕಾದ ಜನ ಒಂಬತ್ತಕ್ಕೆಲ್ಲ ಮಲಗಿರ್ತಾರೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಿದ್ದಾರೆ. ಆ ಹೆಂಗಸಿಗೆ ಸುಳ್ಳು ಹೇಳಿ ಆಗಬೇಕಾದ್ದು ಏನೂ ಇಲ್ಲ.

ಬೇಲೂರು ರಸ್ತೆ

ಕಾಫಿಕಣ ಅವರೇ, ನೀವು ಹೇಳೋದು ಸರಿ ಅನ್ನಿಸುತ್ತೆ, ಆದರೆ ಕೋವಿ ಸಿಕ್ಕಿದ್ದು ಹುಡುಗನ ಮಂಚದ ಕೆಳಗೇ ತಾನೆ? ಲ್ಯಾಬಿನವರೂ ಅದೇ ಕೋವಿ ಅಂದ್ರು. ಮೇಲಿಂದ ತಪ್ಪೊಪ್ಪಿಗೆ ಬೇರೆ. ಹಂದಿ ಅಂದುಕೊಂಡು ಹೊಡೆದೆ, ಹೆದರಿ ಮುಚ್ಚಿಟ್ಟೆ ಅಂತ ಹೇಳಿದ್ದಾನೆ. ನಮ್ಮ ಕಡೆ ಕತ್ತಲಲ್ಲಿ ಹೀಗೆ ಆಗೋದು ಉಂಟು. ನನಗಂತೂ ಕಥೆ ಕೂಡಿ ಬಂದ ಹಾಗೆ ಕಾಣ್ತು.

ಠಾಣೆ ದಫ್ತರ, ಹಾಸನ

ಪೊಲೀಸ್ ಇಲಾಖೆಯಲ್ಲಿ ಹೆಚ್ಚಿನ ಸರ್ವಿಸು ಠಾಣೆಯ ಕಡತ ಬರೆಯೋ ರೈಟರ್ ಕೆಲಸದಲ್ಲೇ ಕಳೆದವನು ನಾನು. ಈ ಧಾರಾವಾಹಿ ಮೇಲೆ ನನಗೆ ನಿಜವಾಗಲೂ ಗೌರವ ಇದೆ. ಠಾಣೆಯನ್ನು ಠಾಣೆ ಹಾಗೆ ತೋರಿಸ್ತಾರೆ. ಗೋಡೆ ಮೇಲಿನ ಬೋರ್ಡು, ಕಟ್ಟು ಕಟ್ಟಿದ ಕಡತ, ರಾತ್ರಿ ಸೆಂಟ್ರಿ, ಯಾವುದೂ ಸುಳ್ಳಲ್ಲ. ಹೆಣ ಸಿಕ್ಕಾಗ ಮೊದಲು ಯುಡಿಆರ್ (ಅಸಹಜ ಸಾವಿನ ವರದಿ) ಮಾಡಿ, ಪಿ.ಎಂ. (ಮರಣೋತ್ತರ ಪರೀಕ್ಷೆ) ವರದಿಯ ಮೇಲೆ ಎಫ್‌ಐಆರ್ ಮಾಡಿದ್ದನ್ನು ಎಷ್ಟು ಜನ ಗಮನಿಸಿದ್ರೋ ಗೊತ್ತಿಲ್ಲ, ನಾನು ಖುಷಿಪಟ್ಟೆ. ಅಷ್ಟು ತಾಳ್ಮೆಯಿಂದ ಬೇರೆ ಯಾರೂ ತೋರಿಸೋದಿಲ್ಲ.

ಆದರೆ ಲ್ಯಾಬಿನ ದೃಶ್ಯ ಒಪ್ಪೋಕಾಗಲ್ಲ. ತೋಟದಲ್ಲಿ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಕೊಡೋದು ಸಾಮಾನ್ಯವಾಗಿ ಚರೆ (ಸಣ್ಣ ಸಣ್ಣ ಗುಂಡು) ಹಾರಿಸೋ ಚರೆ ಕೋವಿಗೆ, ಒಂಟಿ ನಳಿಗೆ ಇಲ್ಲ ಜೋಡಿ ನಳಿಗೆ. ಅದರ ನಳಿಗೆ ಒಳಗೆ ನುಣ್ಣಗಿರುತ್ತೆ. ರೈಫಲ್ಲು, ಪಿಸ್ತೂಲಿನ ನಳಿಗೆಯಲ್ಲಿ ತಿರುಪು ಗೆರೆ ಇರೋದರಿಂದ ಗುಂಡಿನ ಮೇಲೆ ಗೀರು ಬೀಳುತ್ತೆ, ಆ ಗೀರು ನೋಡಿ ಇದೇ ಆಯುಧ ಅನ್ನಬಹುದು. ಚರೆಯ ಮೇಲೆ ಅಂಥ ಗೀರು ಬೀಳಲ್ಲ. ಹೆಣದಿಂದ ತೆಗೆದ ಚರೆ ನೋಡಿ ಬೆಂಗಳೂರು ಮಡಿವಾಳದ ವಿಧಿವಿಜ್ಞಾನ ಲ್ಯಾಬಿನವರು ‘ಇದೇ ಕೋವಿ’ ಅಂತ ಬರೆದುಕೊಡೋಕೆ ಸಾಧ್ಯವಿಲ್ಲ.

ಹೊಂದಿಸಿ ನೋಡಬಹುದಾದ್ದು ಖಾಲಿ ತೋಟಾ, ಅಂದರೆ ಚರೆ ಹಾರಿದ ಮೇಲೆ ಉಳಿಯೋ ಚಿಪ್ಪು. ಹೊಡೆದಾಗ ಅದರ ಹಿಂಭಾಗದಲ್ಲಿ ಕೋವಿಯ ಸೂಜಿ ಕುಟ್ಟಿದ ಗುರುತು ಬೀಳುತ್ತೆ, ಅದು ಒಂದೊಂದು ಕೋವಿಗೂ ಬೇರೆ. ಈಗ ಹೇಳಿ, ಮಹಜರಿನಲ್ಲಿ ಖಾಲಿ ತೋಟಾ ಅಮಾನತ್ತು ಮಾಡಿದ್ದನ್ನು ಯಾರಾದರೂ ನೋಡಿದ್ರಾ? ನಾನು ಆ ದೃಶ್ಯವನ್ನು ಮತ್ತೆ ಹಾಕಿ ನೋಡಿದೆ. ಚಪ್ಪಲಿ, ಟಾರ್ಚು, ಮೊಬೈಲು, ರಕ್ತ ಬಿದ್ದ ಮಣ್ಣು, ಅಷ್ಟೇ. ತೋಟಾ ಇಲ್ಲ. ಹೊಡೆದವನು ಅದನ್ನು ಎತ್ತಿಕೊಂಡು ಹೋಗಿದ್ದಾನೆ. ಹಂದಿ ಅಂತ ಹೊಡೆದು ಗಾಬರಿಯಿಂದ ಓಡಿದವನು ಕತ್ತಲಲ್ಲಿ ತೋಟಾ ಹುಡುಕ್ತಾ ನಿಲ್ತಾನಾ?

ಆಲೂರಿನ ಮಂದಿ

ಹಂದಿ ಬೇಟೆ ಕಥೆ ನಾನೂ ನಂಬಲ್ಲ, ಕಾರಣ ಬೇರೆ. ಕಂತಿನ ಶುರುವಿನಲ್ಲೇ ಮೊಬೈಲಿಗೆ ಆನೆ ಬಂದಿರೋ ಮೆಸೇಜು ಬರುತ್ತೆ. ನಮ್ಮ ಆಲೂರು, ಸಕಲೇಶಪುರದ ಕಡೆ ಅಂಥ ಮೆಸೇಜು ಬಂದ ರಾತ್ರಿ ಯಾರೂ ತೋಟದ ಒಳದಾರಿ ಹಿಡಿಯಲ್ಲ. ಕೆರೆ ಕಡೆಗಂತೂ ಇಲ್ಲವೇ ಇಲ್ಲ, ಆನೆ ಮೊದಲು ಬರೋದೇ ನೀರಿಗೆ. ಎಷ್ಟೋ ಮನೆಗಳು ಜೀವ ಕಳಕೊಂಡಿವೆ ಇಲ್ಲಿ, ಇದು ಕಥೆಗೆ ಅಂತ ಸೇರಿಸಿದ ಭಯ ಅಲ್ಲ. ಅಂಥಾ ರಾತ್ರಿ ಹಂದಿ ಹೊಡೆಯೋಕೆ ಹೋಗೋನೂ ಇಲ್ಲ, ಸುಮ್ಮನೆ ಕೆರೆ ಏರಿ ಮೇಲೆ ಅಡ್ಡಾಡೋ ರೈಟರೂ ಇಲ್ಲ. ಆ ಮನುಷ್ಯ ಹೋಗಿದ್ದಾನೆ ಅಂದರೆ, ಬಾ ಅಂದವರು ಯಾರೋ ‘ಬರಲ್ಲ’ ಅನ್ನೋಕೆ ಆಗದಂಥವರು.

ರಾತ್ರಿಪಾಳಿ

ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡೋಳು. ಡಾಕ್ಟರ್ ಪಿ.ಎಂ. ಮುಗಿಸಿ ಹೇಳಿದ ಮಾತು ಕೇಳಿಸಿಕೊಂಡ್ರಾ ಯಾರಾದ್ರೂ? ‘ಒಂದೇ ತೂತು, ಅಂಚು ಹರಿದಿದೆ, ಸುತ್ತ ಕಪ್ಪು.’ ಇನ್‌ಸ್ಪೆಕ್ಟರ್ ಫೋನಿನಲ್ಲಿ ಮಾತಾಡ್ತಾ ‘ಹೂಂ’ ಅಂದು ಮುಂದೆ ಹೋದ್ರು.

ಚರೆ ಕೋವಿಯಿಂದ ಹಾರಿದ ಚರೆಗಳು ದೂರ ಹೋದ ಹಾಗೆ ಹರಡ್ತವೆ. ತುಂಬಾ ಹತ್ತಿರದಿಂದ, ಅಂದರೆ ಒಂದು ಮೀಟರ್ ಒಳಗೆ ಹೊಡೆದರೆ ಎಲ್ಲಾ ಒಟ್ಟಿಗೇ ನುಗ್ಗಿ ಒಂದೇ ತೂತಾಗುತ್ತೆ. ದೂರದಿಂದಾದರೆ ನಡುವಿನ ತೂತಿನ ಸುತ್ತ ಸಣ್ಣ ಸಣ್ಣ ತೂತು, ಇನ್ನೂ ದೂರವಾದರೆ ಬರೀ ಚದುರಿದ ತೂತುಗಳು. ಸುತ್ತಲಿನ ಕಪ್ಪು ಹೊಗೆಯದ್ದು, ಅದು ಹತ್ತಿರದಿಂದ ಹೊಡೆದಾಗ ಮಾತ್ರ ಮೈಗೆ ಹತ್ತುತ್ತೆ.

ಒಂದು ಮೀಟರ್ ದೂರದಲ್ಲಿ, ಟಾರ್ಚು ಹಿಡಿದು ಎದುರಿಗೆ ನಿಂತಿರೋ ಮನುಷ್ಯನನ್ನು ಹಂದಿ ಅಂದುಕೊಳ್ಳೋಕಾಗುತ್ತಾ?

ಬರಹಗಾರರು ಇದನ್ನು ತಿಳಿದೇ ಬರೆದಿದ್ದಾರೆ. ಗೊತ್ತಿಲ್ಲದವರು ‘ಸುತ್ತ ಕಪ್ಪು’ ಅನ್ನೋ ಮಾತು ಹಾಕೋದಿಲ್ಲ.

ಬೇಲೂರು ರಸ್ತೆ

ರಾತ್ರಿಪಾಳಿ ಅಕ್ಕ, ಈ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ. ಹಾಗಾದ್ರೆ ಹುಡುಗ ಯಾಕೆ ಒಪ್ಪಿಕೊಂಡ?

ಹಾಸನದ ವಕೀಲೆ

ಇದಕ್ಕೆ ನಾನು ಉತ್ತರ ಕೊಡ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಆ ದೃಶ್ಯದಲ್ಲಿ ಹುಡುಗ ಏನು ಮಾತಾಡ್ತಾನೆ, ಕಾಗದದ ಮೇಲೆ ಏನು ಬೀಳುತ್ತೆ, ಎರಡನ್ನೂ ಬೇರೆ ಬೇರೆ ಕೇಳಿ. ಅವನು ಹರುಕು ಹಿಂದಿಯಲ್ಲಿ ಹೇಳಿದ್ದು ‘ಸಾಬ್, ಬಂದೂಕು ನನ್ನ ಕೋಣೆಯಲ್ಲಿತ್ತು, ನನ್ನದೇ ತಪ್ಪು’. ಪೇದೆ ಕನ್ನಡದಲ್ಲಿ ಬರೆದದ್ದು ‘ಹಂದಿಯೆಂದು ಭಾವಿಸಿ ನಾನೇ ಗುಂಡು ಹಾರಿಸಿರುತ್ತೇನೆ’. ಕೆಳಗೆ ಹೆಬ್ಬೆಟ್ಟು ಒತ್ತಿಸಿದರು. ಒಬ್ಬನ ಮಾತು ಇನ್ನೊಬ್ಬನ ಕೈಯಲ್ಲಿ ಕೊಲೆಯಾಗಿ ಬದಲಾಗಿದ್ದನ್ನು ಅರ್ಧ ನಿಮಿಷದಲ್ಲಿ ತೋರಿಸಿದ್ದಾರೆ. ಈ ಸೀಸನ್ನಿನಲ್ಲೇ ಇದಕ್ಕಿಂತ ಒಳ್ಳೆ ದೃಶ್ಯ ನಾನು ನೋಡಿಲ್ಲ.

ಠಾಣೆಯಲ್ಲಿ ಬರೆಸಿಕೊಳ್ಳೋ ಈ ‘ಸ್ವ-ಇಚ್ಛಾ ಹೇಳಿಕೆ’ ಕೋರ್ಟಿನಲ್ಲಿ ತಪ್ಪೊಪ್ಪಿಗೆಯಾಗಿ ನಿಲ್ಲೋದಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಇದನ್ನೇ ಹೇಳ್ತಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂತು, ಅಲ್ಲಿ 23ನೇ ಕಲಂ. ಪೊಲೀಸ್ ಅಧಿಕಾರಿ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತು ಮಾಡೋಹಾಗಿಲ್ಲ. ಅವನ ಹೇಳಿಕೆಯಿಂದ ಹೊಸದಾಗಿ ಏನಾದರೂ ವಸ್ತು ಪತ್ತೆಯಾದರೆ, ಆ ಪತ್ತೆಗೆ ಸಂಬಂಧಪಟ್ಟಷ್ಟು ಭಾಗ ಮಾತ್ರ ನಿಲ್ಲುತ್ತೆ. ಇಲ್ಲಿ ಕೋವಿ ಸಿಕ್ಕಿದ್ದು ಅವನನ್ನು ಹಿಡಿಯೋದಕ್ಕೆ ಮುಂಚೆ, ಚಿಕ್ಕ ಸಾಹುಕಾರರು ‘ಲೈನ್ ಮನೆ ಹುಡುಕಿ’ ಅಂದ ಮೇಲೆ. ಹಾಗಾಗಿ ಅದೂ ಇಲ್ಲ.

ತಪ್ಪೊಪ್ಪಿಗೆಗೆ ಬೆಲೆ ಬರಬೇಕಾದರೆ ಮ್ಯಾಜಿಸ್ಟ್ರೇಟರ ಮುಂದೆ ಆಗಬೇಕು. ‘ನೀನು ಹೇಳಲೇಬೇಕು ಅಂತಿಲ್ಲ, ಹೇಳಿದರೆ ನಿನ್ನ ವಿರುದ್ಧವೇ ಬಳಸಬಹುದು’ ಅಂತ ಅವರು ಮೊದಲು ತಿಳಿಸಬೇಕು. ಹುಡುಗ ತನ್ನಿಷ್ಟದಿಂದ ಹೇಳ್ತಿದ್ದಾನೆ ಅಂತ ಅವರಿಗೆ ಮನವರಿಕೆ ಆಗಬೇಕು. ಅವನ ಭಾಷೆ ಬಲ್ಲವರು ಬೇಕು. ಬಂಧಿಸಿದ 24 ಗಂಟೆಯೊಳಗೆ, ಪ್ರಯಾಣದ ಹೊತ್ತು ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಅನ್ನೋದು ಸಂವಿಧಾನದ 22ನೇ ವಿಧಿಯಲ್ಲೇ ಇದೆ. ವಕೀಲರನ್ನು ಇಟ್ಟುಕೊಳ್ಳೋ ಶಕ್ತಿ ಇಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರು ಸಿಗ್ತಾರೆ. ಮುಂದಿನ ಕಂತಿನಲ್ಲಿ ಆ ವಕೀಲರನ್ನು ತೋರಿಸಲಿ ಅಂತ ನನಗೆ ಬಲವಾದ ಆಸೆ ಇದೆ. ಸಿನಿಮಾ, ಸೀರಿಯಲ್ಲುಗಳಲ್ಲಿ ಅವರು ಬರೋದೇ ಅಪರೂಪ.

ಇನ್ನೊಂದು ಮಾತು. ಲೈನ್ ಮನೆ ಹೆಂಗಸನ್ನು ರಾತ್ರಿ ಹೊತ್ತು ಠಾಣೆಗೆ ಕರೆಸಿ ಬೆಂಚಿನ ಮೇಲೆ ಕೂರಿಸಿದ್ರಲ್ಲ, ಅದು ತಪ್ಪು. ಸಾಕ್ಷಿ ಹೇಳೋ ಹೆಂಗಸನ್ನು ಅವಳಿರೋ ಜಾಗದಲ್ಲೇ ವಿಚಾರಿಸಬೇಕು. ಅವಳೇ ಒಪ್ಪಿ ಬಂದರೆ ಬೇರೆ ಮಾತು.

ಠಾಣೆ ದಫ್ತರ, ಹಾಸನ

ಮೇಡಂ ಹೇಳಿದ್ದು ಪೂರ್ತಿ ಸರಿ. ಒಂದು ಸೇರಿಸ್ತೀನಿ. ಆ ಠಾಣೆಯ ರೈಟರ್ ಪಾತ್ರಧಾರಿ ಹೆಬ್ಬೆಟ್ಟು ಒತ್ತಿಸುವಾಗ ಕಣ್ಣು ಎತ್ತಲಿಲ್ಲ. ಹೇಳಿಕೆ ಬರೆದವನು ಪೇದೆ, ಇವರಲ್ಲ. ಆದರೂ ಮುಖದಲ್ಲಿ ಸಂಕಟ ಕಾಣ್ತಿತ್ತು. ಠಾಣೆಯಲ್ಲಿ ಎಲ್ಲರಿಗಿಂತ ಮೊದಲು ಕೇಸಿನ ತೂತು ಕಾಣೋದು ರೈಟರಿಗೇ, ಯಾಕಂದರೆ ಕಡತ ಜೋಡಿಸೋನು ಅವನು. ನನ್ನ ಅಂದಾಜು ಇಷ್ಟು: ಆ ಹೆಂಗಸಿನ ಮಾತನ್ನು ಕೊನೆಗೆ ಬರೆದುಕೊಳ್ಳೋದು ಇವರೇ.

ಮೂಡಿಗೆರೆ ಮಳೆ

ಯಾರೂ ಕರೆಂಟಿನ ವಿಷಯ ಎತ್ತಿಲ್ಲ! ಪಲ್ಪರ್ ಮನೆ ಗೋಡೆ ಮೇಲೆ ಮೀಟರು ತೋರಿಸ್ತಾರೆ ನೋಡಿ, ಪಕ್ಕದಲ್ಲಿ ಮೊಳೆಗೆ ಸಿಕ್ಕಿಸಿದ ಬಿಲ್ಲು. ನಿಲ್ಲಿಸಿ ನೋಡಿದೆ, ಮೆಸ್ಕಾಂ ಬಿಲ್ಲು. ಆದರೆ ಕಥೆ ನಡೀತಿರೋದು ಸಕಲೇಶಪುರದ ಕಡೆ, ಹಾಸನ ಜಿಲ್ಲೆ. ಹಾಸನಕ್ಕೆ ಕರೆಂಟು ಕೊಡೋದು ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ನಿಗಮ. ಮೆಸ್ಕಾಂ ಬರೋದು ನಮ್ಮ ಚಿಕ್ಕಮಗಳೂರು ಜಿಲ್ಲೆಗೆ.

ಬೇಲೂರು ರಸ್ತೆ

ಮಾರಾಯ್ರೆ, ಅದು ಶೂಟಿಂಗ್ ಮಾಡಿದ ತೋಟದ ಬಿಲ್ಲು ಇರಬಹುದು. ಕಣ್ತಪ್ಪಿ ಉಳಿದುಕೊಂಡಿದೆ.

ಮೂಡಿಗೆರೆ ಮಳೆ

ಹಾಗಿದ್ದರೆ ಕ್ಯಾಮೆರಾ ಅದರ ಮೇಲೆ ಅಷ್ಟು ಹೊತ್ತು ಯಾಕೆ ನಿಲ್ತು? ನನ್ನ ಲೆಕ್ಕ ಹೇಳ್ತೀನಿ. ತೋಟ ಗಡಿಯ ಮೇಲಿದೆ. ಹೇಮಾವತಿ ನಮ್ಮ ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟಿ ಸಕಲೇಶಪುರಕ್ಕೆ ಇಳಿಯೋಳು. ಆ ದಾರಿಯಲ್ಲಿ ಮನೆ ಒಂದು ಜಿಲ್ಲೆ, ಗದ್ದೆ ಇನ್ನೊಂದು ಜಿಲ್ಲೆ ಅನ್ನೋ ಕುಟುಂಬಗಳು ಉಂಟು. ಪಲ್ಪರ್ ಮನೆ ಚಿಕ್ಕಮಗಳೂರು ಜಿಲ್ಲೆಯಲ್ಲಿ, ಕೆಳಗಿನ ಕೆರೆ ಹಾಸನ ಜಿಲ್ಲೆಯಲ್ಲಿ. ಕೊಲೆ ಆದದ್ದು ಮೇಲೆ, ಪಲ್ಪರ್ ಮನೆ ಹತ್ರ. ಹೆಣ ಹಾಕಿದ್ದು ಕೆಳಗೆ. ಯಾಕೆ? ಕೆಳಗಿನ ಠಾಣೆಯ ಇನ್‌ಸ್ಪೆಕ್ಟರ್ ಚಿಕ್ಕ ಸಾಹುಕಾರರ ಜೊತೆ ಓದಿದವರು ಅಂತ ಈ ಹಿಂದೆಯೇ ತೋರಿಸಿದ್ದಾರೆ, ನೆನಪಿದೆಯಾ? ಕ್ಲಬ್ಬಿನಲ್ಲಿ ಊಟ ಮಾಡೋ ದೃಶ್ಯ.

ಕೆರೆ ಏರಿ ಮೇಲೆ ರಕ್ತ ಬಿದ್ದ ಮಣ್ಣು ತೆಗೆದರು, ನಿಜ. ಎದೆಗೆ ಅಷ್ಟು ಹತ್ತಿರದಿಂದ ಹೊಡೆದ ಜಾಗದಲ್ಲಿ ಅಷ್ಟೇ ರಕ್ತ ಇರುತ್ತಾ? ರಾತ್ರಿಪಾಳಿ ಅಕ್ಕ ಹೇಳಬೇಕು.

ರಾತ್ರಿಪಾಳಿ

ಅದನ್ನು ಹೀಗೇ ಅಂತ ಹೇಳೋಕಾಗಲ್ಲ ತಮ್ಮಾ, ಒಳಗೇ ಸುರಿದು ಹೊರಗೆ ಕಡಿಮೆ ಬರೋದೂ ಉಂಟು. ಆದರೆ ಹೆಣ ಸಾಗಿಸಿದ್ದಾರೆ ಅನ್ನೋಕೆ ಇನ್ನೊಂದು ಸುಳಿವು ಇದೆ. ಹೆಣ ಬೋರಲಾಗಿ ಬಿದ್ದಿತ್ತು, ಸರಿಯಾ? ಜೀವ ಹೋದ ಮೇಲೆ ರಕ್ತ ಕೆಳಮುಖದ ಭಾಗಕ್ಕೆ ಇಳಿದು ಅಲ್ಲಿ ಚರ್ಮ ನೇರಳೆ ಬಣ್ಣಕ್ಕೆ ತಿರುಗುತ್ತೆ, ಕೆಲವು ಗಂಟೆ ಕಳೆದರೆ ಆ ಬಣ್ಣ ಅಲ್ಲೇ ನಿಂತುಬಿಡುತ್ತೆ. ಬೋರಲು ಬಿದ್ದವನಿಗೆ ಅದು ಎದೆ, ಹೊಟ್ಟೆ ಕಡೆ ಇರಬೇಕು. ಪಿ.ಎಂ. ಮೇಜಿನ ಮೇಲೆ ಹೆಣ ಹೊರಳಿಸಿದಾಗ ಬೆನ್ನು ತೋರಿಸಿದ್ರು, ಬೆನ್ನೇ ನೇರಳೆ ಆಗಿತ್ತು. ಮೇಕಪ್ ಮಾಡಿದವರು ಬೇಕಂತಲೇ ಹಾಗೆ ಮಾಡಿದ್ದರೆ, ಆ ಮನುಷ್ಯ ಸತ್ತ ಮೇಲೆ ಸುಮಾರು ಹೊತ್ತು ಅಂಗಾತ ಮಲಗಿದ್ದ ಅಂತ ಅರ್ಥ.

ಆಲೂರಿನ ಮಂದಿ

ಅಬ್ಬಾ. ಈಗಲೇ ಮತ್ತೆ ಹಾಕಿ ನೋಡ್ತೀನಿ.

ಹಾಸನದ ವಕೀಲೆ

ಗಡಿಯ ವಾದ ನಿಜವೇ ಆದರೂ ‘ನಮ್ಮ ವ್ಯಾಪ್ತಿ ಅಲ್ಲ’ ಅಂತ ಯಾವ ಠಾಣೆಯೂ ದೂರು ತಿರಸ್ಕರಿಸೋಹಾಗಿಲ್ಲ. ಅಪರಾಧ ಎಲ್ಲೇ ನಡೆದಿರಲಿ, ಮಾಹಿತಿ ದಾಖಲು ಮಾಡಿಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಜನ ಝೀರೋ ಎಫ್‌ಐಆರ್ ಅಂತಾರಲ್ಲ, ಅದೇ. ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ ಅದು ಈಗ ಬರಹದಲ್ಲೇ ಇದೆ. ಅಂದರೆ ಸತ್ತ ರೈಟರ ಹೆಂಡತಿ ಚಿಕ್ಕಮಗಳೂರಿನ ಯಾವುದಾದರೂ ಠಾಣೆಗೆ ಹೋಗಿ ದೂರು ಕೊಡಬಹುದು. ಮುಂದಿನ ವಾರದ ಝಲಕ್‌ನಲ್ಲಿ ಅವರು ಬಸ್ಸು ಹತ್ತಿದರಲ್ಲ, ಬಸ್ಸಿನ ಬೋರ್ಡು ಓದಿದ್ರಾ? ಮೂಡಿಗೆರೆ ಮಾರ್ಗ, ಚಿಕ್ಕಮಗಳೂರು.

ಮೂಡಿಗೆರೆ ಮಳೆ

ಮೇಡಂ!! ಅದನ್ನು ನಾನೂ ನೋಡಿರಲಿಲ್ಲ.

ಗಿರಿಯ ಹುಡುಗಿ, ಚಿಕ್ಕಮಗಳೂರು

ಎಲ್ಲರೂ ಸುಳಿವಿನ ಬಗ್ಗೆ ಬರೀತಿದ್ದೀರಿ, ಓದೋಕೆ ಖುಷಿ ಆಗ್ತಿದೆ. ನನಗೆ ಬೇರೆ ಒಂದು ಹೇಳಬೇಕು.

ನಮ್ಮ ಮನೆಯವರು ತೋಟದಲ್ಲಿ ಕೂಲಿ ಮಾಡಿದವರು, ನಾನು ಲೈನ್ ಮನೆಯಲ್ಲೇ ಬೆಳೆದವಳು. ಟೀವಿಯಲ್ಲಿ ತೋಟ ಅಂದರೆ ಮಂಜು, ಬಂಗಲೆ, ಜೀಪು, ಕಾಫಿ ಬಟ್ಟಲು. ಲೈನ್ ಮನೆ ಒಳಗೆ ಕ್ಯಾಮೆರಾ ಬಂದು ಇಷ್ಟು ಹೊತ್ತು ಕೂತಿದ್ದನ್ನು ನಾನು ಇದೇ ಮೊದಲು ನೋಡಿದ್ದು. ಒಲೆಯ ಮೇಲುಗಡೆ ಒಣಗಲು ಹಾಕಿದ ಬಟ್ಟೆ, ಮೂಲೆಯಲ್ಲಿ ಸುತ್ತಿಟ್ಟ ಚಾಪೆ, ಕೊಯ್ಲಿಗೆ ಸೊಂಟಕ್ಕೆ ಕಟ್ಟೋ ಚೀಲ, ಎಲ್ಲಾ ಸರಿಯಾಗಿತ್ತು. ಅಮ್ಮ ನನ್ನ ಪಕ್ಕ ಕೂತು ನೋಡ್ತಿದ್ರು, ‘ಇದು ನಮ್ಮನೆ ಥರನೇ ಇದೆ’ ಅಂದ್ರು.

ಅಸ್ಸಾಂ ಕಡೆಯವರು ಬಂದ ಮೇಲೆ ಪಕ್ಕದ ಲೈನುಗಳಲ್ಲಿ ಏನೇ ಕಳೆದರೂ ಮೊದಲು ಬೆರಳು ಅವರ ಕಡೆ. ಅವರಿಲ್ಲದಿದ್ದರೆ ಎಷ್ಟೋ ತೋಟದಲ್ಲಿ ಹಣ್ಣು ಗಿಡದಲ್ಲೇ ಒಣಗ್ತಿತ್ತು, ಅದು ಗೊತ್ತಿದ್ದೂ ಹೀಗೆ. ಮಹಜರಿಗೆ ಪಂಚರಾಗಿ, ಅಂದರೆ ಸಾಕ್ಷಿಗಳಾಗಿ ಸಹಿ ಹಾಕಿದ ಇಬ್ಬರೂ ಸಾಹುಕಾರರ ಮನೆ ಕೆಲಸದವರು, ಗಮನಿಸಿದ್ರಾ? ಹುಡುಗನ ಪರವಾಗಿ ಮಾತಾಡಿದ್ದು ಆ ಹೆಂಗಸು ಒಬ್ಬಳೇ. ಅವಳಿಗೂ ಅವನಿಗೂ ಸರಿಯಾಗಿ ಮಾತು ಕೂಡ ಅರ್ಥ ಆಗಲ್ಲ. ಆದರೂ ಕೇಳಿದ್ದನ್ನು ಕೇಳಿದೆ ಅಂದಳು. ಆ ಪಾತ್ರ ಮಾಡಿದವರು ಯಾರೇ ಆಗಿರಲಿ, ಅವರಿಗೆ ಕೈ ಮುಗೀತೀನಿ. ಕೊಲೆಗಾರ ಯಾರು ಅಂತ ಕೊನೆಗೆ ಹೇಗೂ ತಿಳಿಯುತ್ತೆ, ಇವಳಿಗೆ ಆ ತೋಟದಲ್ಲಿ ಮರುದಿನ ಹಾಜರಿ ಸಿಗುತ್ತಾ ಅನ್ನೋದನ್ನೂ ತೋರಿಸಬೇಕು.

ಕಾಫಿಕಣ, ಸಕಲೇಶಪುರ

ಗಿರಿಯ ಹುಡುಗಿ, ನೀವು ಬರೆದದ್ದನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ.

ಹಾಜರಿ ಅಂದಾಗ ನನಗೆ ಇನ್ನೊಂದು ಹೊಳೀತು, ಕೊಲೆಗೆ ಕಾರಣದ ಬಗ್ಗೆ. ರೈಟರ ಚೀಲದಲ್ಲಿ ಎರಡು ಪುಸ್ತಕ ಇದ್ದವು, ಮಹಜರಿನಲ್ಲಿ ಬಂದದ್ದು ಒಂದೇ. ಅಸ್ಸಾಂ ಹುಡುಗ ಹಿಂದಿನ ಕಂತಿನಲ್ಲಿ ರೈಟರಿಗೆ ಕೇಳ್ತಾನೆ, ‘ಬಾಬು, ನನ್ನ ಹಣ್ಣಿನ ತೂಕ ಎರಡು ಕಡೆ ಯಾಕೆ ಬರೀತೀರಿ?’ ಅಂತ. ಆಗ ಅದು ಮಾಮೂಲಿ ಮಾತಿನ ಹಾಗೆ ಹೋಯ್ತು.

ಕೊಯ್ಯೋರಿಗೆ ಕೂಲಿ ಕಿಲೋ ಲೆಕ್ಕದಲ್ಲಿ ಕೊಡುವ ತೋಟದಲ್ಲಿ ದಿನದಿನದ ಹಣ್ಣಿನ ತೂಕ ರೈಟರ ಪುಸ್ತಕದಲ್ಲಿ ಇರಲೇಬೇಕು. ಅರೇಬಿಕಾ ಹಣ್ಣಿನ ತೂಕದಲ್ಲಿ ಸುಮಾರು ಐದನೇ ಒಂದು ಪಾಲು, ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಬೀಜ, ಅಂದರೆ ಪಾರ್ಚ್‌ಮೆಂಟ್ ಆಗುತ್ತೆ. ಹಾಗಾಗಿ ತೂಕದ ಪುಸ್ತಕ ಒಂದಿದ್ದರೆ ಗೋದಾಮಿನಲ್ಲಿ ಎಷ್ಟು ಚೀಲ ಇರಬೇಕು ಅಂತ ಯಾರು ಬೇಕಾದರೂ ಲೆಕ್ಕ ಹಾಕಬಹುದು. 50 ಕಿಲೋ ಚೀಲಗಳು ಕಡಿಮೆ ಬಂದರೆ, ಮಾಲು ಕಣದಿಂದಲೇ ಬೇರೆ ದಾರಿ ಹಿಡಿದಿದೆ ಅಂತ. ಅಣ್ಣ ತಮ್ಮ ಇನ್ನೂ ಭಾಗ ಆಗಿಲ್ಲ, ತೋಟ ಒಟ್ಟಿಗೇ ಇದೆ. ಕಾಫಿಗೆ ಒಳ್ಳೆ ಬೆಲೆ ಇರೋ ಕಾಲದಲ್ಲಿ ಒಬ್ಬ ಇನ್ನೊಬ್ಬನಿಗೆ ಗೊತ್ತಿಲ್ಲದೆ ಲೋಡು ಕಳಿಸಿದರೆ ಎಷ್ಟು ದುಡ್ಡು ಯೋಚನೆ ಮಾಡಿ. ಅದನ್ನು ಬಲ್ಲವರು ಇಬ್ಬರೇ, ಕಳಿಸಿದವನು ಮತ್ತು ಬರೆದವನು.

ದೊಡ್ಡ ಸಾಹುಕಾರರು ಪಲ್ಪರ್ ವಿಷಯದಲ್ಲಿ ಸುಳ್ಳು ಹೇಳಿದ್ದಾರೆ, ಅಷ್ಟು ಖಚಿತ. ಆದರೆ ಕೊಂದವರು ಅವರೇ ಅನ್ನೋಕೆ ನನಗೆ ಮನಸ್ಸು ಬರ್ತಿಲ್ಲ. ತಮ್ಮನನ್ನು ಉಳಿಸೋಕೆ ಹೇಳಿದ ಸುಳ್ಳು ಅದು. ಲೈನ್ ಮನೆ ಹುಡುಕಿ ಅಂದದ್ದು ತಮ್ಮ, ಇನ್‌ಸ್ಪೆಕ್ಟರ್ ಸ್ನೇಹಿತನೂ ತಮ್ಮನಿಗೇ.

ಠಾಣೆ ದಫ್ತರ, ಹಾಸನ

ಒಪ್ಪಿದೆ ಸ್ವಾಮಿ. ಕೋವಿ ಲೈಸೆನ್ಸ್ ಯಾರ ಹೆಸರಲ್ಲಿದೆ ಅಂತ ಇನ್ನೂ ತೋರಿಸಿಲ್ಲ, ಅದು ಬಂದ ದಿನ ತಿಳಿಯುತ್ತೆ. ಚುನಾವಣೆ ಬಂದಾಗ ಲೈಸೆನ್ಸ್ ಇದ್ದವರು ಕೋವಿಗಳನ್ನು ಠಾಣೆಗೆ ತಂದು ಒಪ್ಪಿಸೋದು ವಾಡಿಕೆ, ಹಾಗಾಗಿ ಯಾರ ಹತ್ರ ಎಂಥ ಕೋವಿ ಅಂತ ಠಾಣೆಯ ಪುಸ್ತಕದಲ್ಲೇ ಇರುತ್ತೆ. ಠಾಣೆಯ ರೈಟರ್ ಆ ಪುಸ್ತಕ ತೆಗೆಯಲಿ.

ಬೇಲೂರು ರಸ್ತೆ

ಸರಿ, ಈಗ ನಾನೂ ನಿಮ್ಮ ಕಡೆ. ಒಂದೇ ಪ್ರಶ್ನೆ ಉಳೀತು. ವಕೀಲೆ ಮೇಡಂ, ಇದೆಲ್ಲಾ ಹೊರಗೆ ಬಂದರೆ ಆ ಹುಡುಗ ಯಾವಾಗ ಬಿಡುಗಡೆ ಆಗ್ತಾನೆ? ಮುಂದಿನ ಶನಿವಾರವೇ ಮನೆಗೆ ಕಳಿಸಿದರೆ ಅದು ಸುಳ್ಳಾಗಲ್ವಾ?

ಹಾಸನದ ವಕೀಲೆ

ಸುಳ್ಳಾಗಬೇಕಿಲ್ಲ. ಕೊಲೆ ಕೇಸಿನಲ್ಲಿ ಪೊಲೀಸರು 90 ದಿನದೊಳಗೆ ದೋಷಾರೋಪ ಪಟ್ಟಿ ಹಾಕದಿದ್ದರೆ ಆರೋಪಿಗೆ ಜಾಮೀನು ಕೇಳೋ ಹಕ್ಕು ಬರುತ್ತೆ, ಅದು ಉದ್ದದ ದಾರಿ. ಇನ್ನೊಂದಿದೆ. ತನಿಖೆಯಲ್ಲಿ ಅವನ ವಿರುದ್ಧ ಸಾಕಷ್ಟು ಪುರಾವೆ ಇಲ್ಲ ಅಂತ ಕಂಡರೆ, ಕರೆದಾಗ ಮ್ಯಾಜಿಸ್ಟ್ರೇಟರ ಮುಂದೆ ಬರ್ತೀನಿ ಅಂತ ಮುಚ್ಚಳಿಕೆ ಬರೆಸಿಕೊಂಡು ತನಿಖಾಧಿಕಾರಿಯೇ ಬಿಡಬಹುದು. ಹೊಸ ಸಂಹಿತೆಯ 189ನೇ ಕಲಂ. ಆದರೆ ಈಗಿರೋ ಇನ್‌ಸ್ಪೆಕ್ಟರ್ ಹಾಗೆ ಬರೆಯಲ್ಲ. ತನಿಖೆ ಬೇರೆ ಅಧಿಕಾರಿ ಕೈಗೆ ಹೋಗಬೇಕು. ರೈಟರ ಹೆಂಡತಿ ಆ ಬಸ್ಸು ಹತ್ತಿದ್ದು ಅದಕ್ಕೇ ಅಂತ ನಾನು ನಂಬಿದ್ದೀನಿ.

ಗಿರಿಯ ಹುಡುಗಿ, ಚಿಕ್ಕಮಗಳೂರು

ಹಾಗಾದರೆ ಶನಿವಾರ ಮೊದಲು ನೋಡಬೇಕಾದ್ದು ಆ ಅಮ್ಮ ಬಸ್ಸಿನಿಂದ ಇಳಿದು ಯಾವ ಠಾಣೆ ಮೆಟ್ಟಿಲು ಹತ್ತುತ್ತಾರೆ ಅಂತ. ರಾತ್ರಿಪಾಳಿ ಅಕ್ಕ, ಕಂತು ಮುಗಿದ ಕೂಡಲೇ ನೀವು ಬರೀಬೇಕು, ಡ್ಯೂಟಿ ಇದ್ದರೆ ಬೆಳಿಗ್ಗೆ ಆದರೂ ಪರವಾಗಿಲ್ಲ.